ತಾಂಬೂಲಕ್ಕೆ ಹೋದ ಜರ್ಮನ್ ಆಲ್ಬಮ್ಮು

ಇಂಥವೆಲ್ಲ ನನಗೇ ಯಾಕೆ ಗಂಟುಬೀಳತ್ತೆ ಅಂತ ಕೇಳಿ ಕೇಳಿ ನನ್ನ ಗಂಡನ ಕಿವಿ ತೂತಾಗಿದೆ. ಬೇರೆಯವರ ಮನೇಲೂ ವಸ್ತುಗಳು ಕಳೆದುಹೋಗತ್ತೆ. ಹುಡುಕಿದ್ರೆ ಸೋಫಾ ಕೆಳಗೋ ಕಾರಿನ ಸೀಟಿನ ಸಂದಿಯಲ್ಲೋ ಸಿಗತ್ತೆ. ನಮ್ಮನೇದು ಹಾಗಲ್ಲ. ಎಲೆ ಅಡಿಕೆ ಜೊತೇಲಿ, ಅರಿಶಿನ ಕುಂಕುಮದ ಸಮೇತ, ಮರ್ಯಾದೆಯಾಗಿ ಮುಂಬಾಗಿಲಿಂದಾನೇ ಹೊರಟುಹೋಗತ್ತೆ. ಹೋದ ನವರಾತ್ರೀಲಿ ಹಾಗೆ ಹೊರಟುಹೋದ ಒಂದು ಆಲ್ಬಮ್ಮಿನ ಹಿಂದೆ ನಾನು ಅಮೆರಿಕದಲ್ಲಿ ನಾವಿರೋ ಲೊಂಬಾರ್ಡ್‌ನಿಂದ ಡೆಟ್ರಾಯಿಟ್‌ವರೆಗೆ ಅಲೆದ ಕಥೆ ಇದು. ನಗೋರು ನಗಿ. ನನಗಂತೂ ಇನ್ನೂ ನಗು ಬಂದಿಲ್ಲ.

ಎಲ್ಲಾ ಒಂದೇ ಥರ ಇದೆಯಲ್ಲ

ಮೊದಲು ನನ್ನ ಹುಚ್ಚೇನು ಅಂತ ಹೇಳಿಬಿಡ್ತೀನಿ. ನಾನು ಎಲ್ಕ್ ಗ್ರೋವ್ ವಿಲೇಜ್‌ನ ಒಂದು ಕಾರ್ಖಾನೇಲಿ ಇಂಜಿನಿಯರ್. ತಗಡು ಒತ್ತೋ ಪ್ರೆಸ್ ಮೆಷಿನ್‌ಗಳಿಗೆ ಪ್ರೋಗ್ರಾಂ ಬರೆಯೋದು ನನ್ನ ಕೆಲಸ. ಮದುವೆಗೆ ಮುಂಚೆ, ಬೆಂಗಳೂರಿನ ಕಂಪನೀಲಿದ್ದಾಗ, ಒಂದು ಚಳಿಗಾಲ ಪೂರ್ತಿ ಟ್ರೈನಿಂಗ್‌ಗೆ ಅಂತ ಜರ್ಮನಿಗೆ ಕಳಿಸಿದ್ರು. ಅಲ್ಲಿ ಮಾತಾಡಕ್ಕೆ ಒಂದು ನರಪಿಳ್ಳೆ ಇರಲಿಲ್ಲ. ಪ್ರೆಸ್ ಓಡಿಸೋ ಆಪರೇಟರ್ ಒಬ್ಬ ಇಡೀ ಶಿಫ್ಟು ಒಂದೇ ಬ್ಯಾಂಡಿನ ಕ್ಯಾಸೆಟ್ ಹಾಕ್ತಿದ್ದ. ಕಬ್ಬಿಣದ ಮೇಲೆ ಕಬ್ಬಿಣ ಬಡಿಯೋ ಸದ್ದು, ಅದರ ಮೇಲೆ ಗಿಟಾರು, ಅದರ ಮೇಲೆ ಪಾತಾಳದಿಂದ ಎದ್ದು ಬಂದ ಹಾಗೆ ಒಂದು ಗಂಡು ದನಿ. ಮೊದಲ ವಾರ ತಲೆನೋವು. ಎರಡನೇ ವಾರ ಅವನು ರಜ ಹಾಕಿದ ದಿನ ನನಗೆ ಕೆಲಸವೇ ಓಡಲಿಲ್ಲ. ಆ ಚಳಿಗಾಲ ನಾನು ರೂಮಲ್ಲಿ ಕೂತು ಅಳದೆ ಕಳೆದಿದ್ದು ಆ ಹಾಡುಗಳಿಂದ. ಯಾರು ಏನಾದ್ರೂ ಅಂದ್ಕೊಳ್ಳಲಿ, ಅದು ನಿಜ.

ಆವತ್ತಿಂದ ಆ ಬ್ಯಾಂಡಿನ ಆಲ್ಬಮ್ಮುಗಳನ್ನ ಕೂಡಿಹಾಕ್ತಾ ಬಂದಿದೀನಿ. ಕೂಡಿಹಾಕೋದು ಅಂದ್ರೆ ಸುಲಭ ಅನ್ಕೋಬೇಡಿ. ನಲವತ್ತು ವರ್ಷದಿಂದ ಬಡೀತಾನೇ ಇರೋ ಬ್ಯಾಂಡು. ಒಂದು ಆಲ್ಬಮ್ ಜರ್ಮನ್‌ನಲ್ಲಿ ಬರತ್ತೆ. ಅದೇ ಇಂಗ್ಲಿಷ್‌ನಲ್ಲಿ ಬರತ್ತೆ. ಅದೇ ರೀಮಿಕ್ಸ್ ಆಗಿ ಬರತ್ತೆ. ಆಮೇಲೆ ಹಾಡುಗಾರನ್ನ ತೆಗೆದುಹಾಕಿ ಬರೀ ಮೆಷಿನ್ ಸದ್ದು. ಆಮೇಲೆ ಲೈವ್. ಹತ್ತು ವರ್ಷ ಬಿಟ್ಟು ಅದನ್ನೇ ಉಜ್ಜಿ ತೊಳೆದು ಹೊಸ ಕವರ್ ಹಾಕಿ ಮತ್ತೆ ತರ್ತಾರೆ. ಎರಡು ಸಲ ‘ಇದೇ ನಮ್ಮ ಕೊನೇ ಆಲ್ಬಮ್’ ಅಂತ ವಿದಾಯ ಹೇಳಿದಾರೆ. ಎರಡು ಸಲಾನೂ ನಾನು ಅತ್ತಿದೀನಿ. ಎರಡು ಸಲಾನೂ ಇನ್ನೊಂದು ಆಲ್ಬಮ್ ಬಂದಿದೆ. ನಮ್ಮೂರಿನ ರಾಜಕಾರಣಿಗಳ ನಿವೃತ್ತಿ ಥರ.

ನನ್ನ ಗಂಡ ಐಟಿಯವನು, ಕನ್ನಡ ಕೂಟದಲ್ಲಿ ಭಾವಗೀತೆ ಹಾಡೋನು. ನನ್ನ ಕಪಾಟಿನ ಮುಂದೆ ನಿಂತು, “ಅಲ್ಲ ಕಣೇ, ಫ್ಯಾಕ್ಟರೀಲಿ ಇಡೀ ದಿನ ಢಬಢಬ ಕೇಳಿ ಬರ್ತೀಯ. ಮನೇಲಿ ಮತ್ತೆ ಅದನ್ನೇ ಹಾಕ್ಕೊಂಡು ಕೂರ್ತೀಯಲ್ಲ, ನಿಂಗೆ ಓವರ್‌ಟೈಮ್ ಕೊಡ್ತಾರಾ?” ಅಂತಾನೆ.

ಎಲ್ಲಾ ಇತ್ತು ನನ್ನ ಹತ್ರ, ಒಂದು ಬಿಟ್ಟು. ಅವರ ಮೊಟ್ಟಮೊದಲ ಆಲ್ಬಮ್ಮು. ಆ ಆಪರೇಟರ್ ಹಾಕ್ತಿದ್ದದ್ದು ಅದೇ. ಅದನ್ನ ಬ್ಯಾಂಡಿನವರು ಮತ್ತೆ ಮುದ್ರಿಸಿಲ್ಲ, ಆನ್‌ಲೈನ್‌ನಲ್ಲೂ ಬಿಟ್ಟಿಲ್ಲ. ‘ಆಗ ನಮಗೆ ನುಡಿಸಕ್ಕೇ ಬರ್ತಿರಲಿಲ್ಲ, ಅದನ್ನ ಮರೆತುಬಿಡಿ’ ಅಂತ ಅವರೇ ಹೇಳ್ಕೊಂಡು ಓಡಾಡ್ತಾರೆ.

“ಮಾಡಿದವರೇ ಚೆನ್ನಾಗಿಲ್ಲ ಅಂತಿದಾರೆ,” ಅಂದ ನನ್ನ ಗಂಡ. “ನೀನು ಯಾಕೆ ಅವರ ಮಾನ ಕಳೀಬೇಕು ಅಂತಿದೀಯ?”

ಹೆಣ್ಣು ಕೇಳಕ್ಕೆ ಹೋದ ಹಾಗೆ

ಆ ಆಲ್ಬಮ್ ಕೊನೆಗೂ ಸಿಕ್ತು. ಮಿಷಿಗನ್‌ನ ವಾರೆನ್‌ನಲ್ಲಿ ಒಬ್ಬ ಅಮೆರಿಕನ್ ಮುದುಕಪ್ಪನ ಹತ್ರ. ಕಾರುಗಳ ಬಾಗಿಲು ಡಿಸೈನ್ ಮಾಡಿ ರಿಟೈರ್ ಆದವರು. ಒಂದು ಶನಿವಾರ ನಾನು ಒಬ್ಬಳೇ ಡ್ರೈವ್ ಮಾಡ್ಕೊಂಡು ಹೋದೆ.

ಅವರು ಬಿಳೀ ಕೈಗವಸು ಹಾಕ್ಕೊಂಡು ಅದನ್ನ ತಂದಿಟ್ರು. ಈ ಆಲ್ಬಮ್ಮಿನ ಕವರ್ ರಟ್ಟಿನದಲ್ಲ. ಸ್ಟೀಲಿನದು. ಚೌಕಾಕಾರದ ಚಪ್ಪಟೆ ಡಬ್ಬಿ, ಬದೀಲಿ ಕ್ಲಿಪ್ಪು. ಮುಚ್ಚಳದ ಮೇಲೆ ಹಲ್ಲುಹಲ್ಲಿನ ಒಂದು ಗಿಯರ್ ಚಕ್ರ ಒತ್ತಿದಾರೆ, ಇನ್ನೊಂದು ಅಕ್ಷರ ಇಲ್ಲ. ಒಳಗೆ ಕಪ್ಪು ರೆಕಾರ್ಡು.

ಕೊಡೋಕೆ ಮುಂಚೆ ಅವರು ವಿಚಾರಣೆ ಶುರುಮಾಡಿದ್ರು. ಮನೇಲಿ ಬೆಕ್ಕಿದೆಯಾ? ಇಲ್ಲ. ಸಿಗರೇಟು? ಇಲ್ಲ. ಬೇಸ್‌ಮೆಂಟಿನಲ್ಲಿ ತೇವ ಇದೆಯಾ? ನಮ್ಮದು ಅಪಾರ್ಟ್‌ಮೆಂಟು, ಬೇಸ್‌ಮೆಂಟೇ ಇಲ್ಲ. ರೆಕಾರ್ಡು ಹಾಕೋ ಟರ್ನ್‌ಟೇಬಲ್ಲಿನ ಸೂಜಿ ಹಳೇದಾ? ಹೌದು. ಹಾಗಾದ್ರೆ ಹೊಸ ಸೂಜಿ ತರಿಸೋವರೆಗೂ ಇದನ್ನ ಹಾಕಬಾರದು, ಮಾತು ಕೊಡಬೇಕು. ಕೊಟ್ಟೆ. ಹೆಣ್ಣು ಕೊಡೋರೂ ಇಷ್ಟು ವಿಚಾರಿಸಲ್ಲ.

“ಮನೇಲಿ ಬೇರೆ ಯಾರಿದಾರೆ?” ಅಂದ್ರು ಕೊನೇಲಿ.

“ಗಂಡ, ಹದಿನಾಲ್ಕು ವರ್ಷದ ಮಗಳು. ಈಗ ನಮ್ಮತ್ತೆ ಊರಿಂದ ಬಂದಿದಾರೆ, ಆರು ತಿಂಗಳಿಗೆ.”

“ಅವರು ಹೇಗೆ? ವಸ್ತುಗಳನ್ನ ಜೋಪಾನ ಮಾಡ್ತಾರಾ?”

“ಅಯ್ಯೋ, ಅವರಷ್ಟು ಜೋಪಾನ ಯಾರೂ ಇಲ್ಲ ಸರ್,” ಅಂದೆ. ಎದೆ ತಟ್ಕೊಂಡು ಅಂದೆ ನಾನು.

ದೇವರ ಡಬ್ಬಿ

ತಂದವಳು ಅದನ್ನ ಎಲ್ಲಿಡಲಿ? ಹಾಲಿನಲ್ಲಿ ಗೊಂಬೆ ಕೂರಿಸಕ್ಕೆ ನಮ್ಮತ್ತೆ ನನ್ನ ಆಲ್ಬಮ್ ಕಪಾಟನ್ನೇ ಖಾಲಿ ಮಾಡಿಸಿ, ಅದನ್ನ ಮೆಟ್ಟಿಲು ಮಾಡಿ ಬಿಳೀ ಪಂಚೆ ಹಾಸಿಬಿಟ್ಟಿದ್ರು. ನಲವತ್ತು ವರ್ಷದ ಜರ್ಮನ್ ಕಬ್ಬಿಣ ಎಲ್ಲಾ ನನ್ನ ಮಂಚದ ಕೆಳಗೆ. ಈ ಹೊಸದನ್ನ ಮಾತ್ರ ಯಾರ ಕಾಲೂ ತಗುಲದಿರಲಿ ಅಂತ ಟವೆಲ್ ಇಡೋ ಕ್ಲಾಸೆಟ್ಟಿನ ಮೇಲಿನ ಹಲಗೇಲಿ ಇಟ್ಟೆ. ಸೂಜಿ ಶನಿವಾರ ಬರೋದಿತ್ತು. ಶನಿವಾರ ಬೆಳಿಗ್ಗೆ ಎಲ್ಲರನ್ನೂ ದೇವಸ್ಥಾನಕ್ಕೆ ಓಡಿಸಿ, ಬಾಗಿಲು ಹಾಕ್ಕೊಂಡು ಒಬ್ಬಳೇ ಕೂತು ಕೇಳೋದು ಅಂತ ನನ್ನ ಪ್ಲಾನು. ಇಪ್ಪತ್ತು ವರ್ಷ ಆಗಿತ್ತು ಅದನ್ನ ಕೇಳಿ.

ಶುಕ್ರವಾರ ನಮ್ಮನೇಲಿ ಅರಿಶಿನ ಕುಂಕುಮ. ನಾನು ಪ್ಲಾಂಟಿನಿಂದ ಬರೋ ಹೊತ್ತಿಗೆ ಹೆಂಗಸರೆಲ್ಲ ಬಂದು ಹೋಗಿದ್ರು. ಅತ್ತೆ ಸೋಫಾದಲ್ಲಿ ಕಾಲು ಚಾಚಿ ಕೂತು, ಮುಖದ ತುಂಬ ಸಂತೋಷ. “ಬಂದವರೆಲ್ಲ ಎಷ್ಟು ಹೊಗಳಿದ್ರು ಗೊತ್ತಾ! ಬ್ಲೌಸ್ ಪೀಸ್ ಸಾಲಲಿಲ್ಲ ಕಣಮ್ಮ. ಮೇಲಿನ ಮನೆಯವರು ಕೊನೇಲಿ ಬಂದ್ರು, ಪುಣ್ಯಕ್ಕೆ ನೀನು ಒಂದು ಸ್ಟೀಲ್ ಡಬ್ಬಿ ತಂದಿಟ್ಟಿದ್ದೆ.”

ನನಗೆ ಕಾಲಿನ ಕೆಳಗಿನ ಕಾರ್ಪೆಟ್ಟೇ ಜಾರಿದ ಹಾಗಾಯ್ತು. “ಯಾವ ಡಬ್ಬಿ ಅತ್ತೆ?”

“ಅದೇ, ಕ್ಲಾಸೆಟ್ಟಿನಲ್ಲಿತ್ತಲ್ಲ. ತಾಂಬೂಲದ ಸಾಮಾನೆಲ್ಲ ನಾನು ಅಲ್ಲೇ ಇಡೋದು. ಮೇಲೆ ಚಕ್ರ ಬೇರೆ ಇತ್ತು. ದೇವರ ಡಬ್ಬಿ, ಎಷ್ಟು ಲಕ್ಷಣವಾಗಿದೆ ಅಂತ ಅರಿಶಿನ ಕುಂಕುಮ ಇಟ್ಟು ಕೊಟ್ಟೆ.”

“ಅತ್ತೆ, ಅದು ನನ್ನ ಆಲ್ಬಮ್ಮು!” ಅಂತ ಕಿರುಚಿದೆ. ಹೊರಟೆ ಮೇಲಿನ ಮನೆಗೆ. ಅತ್ತೆ ಬಾಗಿಲಿಗೆ ಅಡ್ಡ ನಿಂತ್ರು.

“ಏನೇ, ತಾಂಬೂಲದ ಜೊತೆ ಮುತ್ತೈದೆ ಮಡಿಲಿಗೆ ಕೊಟ್ಟಿದ್ದನ್ನ ವಾಪಸ್ ಕೇಳೋದುಂಟಾ? ನವರಾತ್ರೀಲಿ? ನೀನು ಹೋಗಿ ಕೇಳಿದ್ರೆ ನಾನು ನಾಳೆನೇ ಫ್ಲೈಟ್ ಹತ್ತುತೀನಿ.”

“ಹಾಗಾದ್ರೆ ಏನ್ ಮಾಡಬೇಕು ನಾನು?”

“ಅವರಾಗೇ ಕೊಟ್ರೆ ತಗೋ. ತಾಂಬೂಲದಲ್ಲಿ ಹೋಗಿದ್ದು ತಾಂಬೂಲದಲ್ಲೇ ಬರಬೇಕು.”

ಗಂಡನ ಮುಖ ನೋಡಿದೆ. ಅಮ್ಮ ಒಂದು ಕಡೆ, ಹೆಂಡ್ತಿ ಒಂದು ಕಡೆ. ಅವನು ನಿಧಾನವಾಗಿ ಫ್ರಿಜ್ ಬಾಗಿಲು ತೆಗೆದು ಒಳಗೆ ನೋಡ್ತಾ ನಿಂತ. ಹತ್ತು ನಿಮಿಷ ನೋಡಿದ.

ಮಗಳು ರೂಮಿಂದ ಬಂದು ವಿಷಯ ಕೇಳಿ, “ಅಮ್ಮಾ, ಜಸ್ಟ್ ಆಸ್ಕ್ ಹರ್. ಇಟ್ಸ್ ಸೋ ಸಿಂಪಲ್,” ಅಂದ್ಲು. ಅಮೆರಿಕದಲ್ಲಿ ಹುಟ್ಟಿದ ಮಕ್ಕಳಿಗೆ ಎಲ್ಲಾ ಸಿಂಪಲ್ಲು. ಅವರಜ್ಜಿ ಅವಳನ್ನ ಒಂದು ಸಲ ನೋಡಿದ್ರು. ಅವಳೂ ಹೋಗಿ ಫ್ರಿಜ್ ಹತ್ರ ನಿಂತ್ಕೊಂಡ್ಲು.

ದಿನಾ ಉಪಯೋಗಿಸ್ತೀವಿ

ವಾಪಸ್ ಕೇಳೋ ಹಾಗಿಲ್ಲ, ನೋಡಕ್ಕೇನಂತೆ? ಭಾನುವಾರ ಮೇಲಿನ ಮನೆಗೆ ಹೋದೆ. ಆಕೆ ಮೈಸೂರಿನವರು, ಬಹಳ ನಯ. ಕಾಫಿ ಕೊಟ್ರು. ಆ ಕಡೆ ಈ ಕಡೆ ಮಾತಾಡಿ, “ನಮ್ಮತ್ತೆ ಕೊಟ್ಟ ಡಬ್ಬಿ ಹೇಗಿದೆ ರೀ?” ಅಂದೆ.

“ಅಯ್ಯೋ, ಎಷ್ಟು ಚೆನ್ನಾಗಿದೆ! ಬಂದ ದಿನಾನೇ ತೆಗೆದುಬಿಟ್ಟೆ. ದಿನಾ ಚಪಾತಿ ಅದರಲ್ಲೇ ಹಾಕಿಡೋದು. ಬಿಸಿ ಹಾಗೇ ಇರತ್ತೆ.”

ನನ್ನ ಎದೇಲಿ ಪ್ರೆಸ್ ಮೆಷಿನ್ ಓಡಕ್ಕೆ ಶುರುವಾಯ್ತು. “ಒಂಚೂರು ತೋರಿಸ್ತೀರಾ? ಅಂಥದ್ದೇ ಇನ್ನೊಂದು ಕೊಳ್ಳಣ ಅಂತ.”

ಆಕೆ ಮುಖದಲ್ಲಿ ನಗು ಹಾಗೇ ಇತ್ತು, ಕಣ್ಣು ಮಾತ್ರ ಅಡುಗೆಮನೆ ಕಡೆ ಓಡ್ತು. ಒಳಗೆ ಹೋದ್ರು. ಡಬ್ಬಿಗಳು ಉರುಳೋ ಸದ್ದು, ಬೀರು ತೆಗೆದು ಮುಚ್ಚೋ ಸದ್ದು. ಬಹಳ ಹೊತ್ತಾದ್ಮೇಲೆ ಬೆವರು ಒರೆಸ್ಕೊಂಡು ಬಂದ್ರು. ಕೈಯಲ್ಲಿ ಒಂದು ಗುಂಡಗಿನ ಡಬ್ಬಿ, ಒಳಗೆ ಅರ್ಧ ಚಪಾತಿ ಬೇರೆ.

“ಇದೇ ಅಲ್ವಾ?”

“ನಮ್ಮದು ಚೌಕ ಇತ್ತು ರೀ.”

“ಹೌದಾ? ಇದೂ ಒಂಥರಾ ಚೌಕಾನೇ,” ಅಂತ ಅದನ್ನ ಅತ್ತ ಇತ್ತ ತಿರುಗಿಸಿ ನೋಡಿದ್ರು, ಎಲ್ಲಾದ್ರೂ ಒಂದು ಮೂಲೆ ಸಿಗಬಹುದೇನೋ ಅಂತ.

ಅವರ ಯಜಮಾನರು ಸೋಫಾದಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ಕೂತಿದ್ರು. ತಲೆ ಎತ್ತದೆ, “ಚಕ್ರ ಇದ್ದಿದ್ದಾ? ಅದನ್ನ ನಿನ್ನೆ ಶಾಂಬರ್ಗ್ ಮೇಡಮ್ಮಿಗೆ ಕೊಟ್ಯಲ್ಲ. ‘ಭಾರ ಇದೆ, ಇದನ್ನ ಮೊದಲು ದಾಟಿಸ್ಬೇಕು’ ಅಂದ್ಯಲ್ಲ,” ಅಂದ್ರು.

ಆಮೇಲೆ ಆ ಮನೇಲಿ ಏನಾಯ್ತೋ ನಾನು ನೋಡಲಿಲ್ಲ. ಕಾಫಿ ಲೋಟ ಅರ್ಧಕ್ಕೇ ಇಟ್ಟು ಎದ್ದು ಬಂದೆ. ಕೆಳಗಿನ ನಮ್ಮ ಮನೆಗೆ ಕೇಳಿಸ್ತಿತ್ತು ಮಾತ್ರ.

ನಡಕ ತೂತು ಇತ್ರೀ

ನಮ್ಮ ಹತ್ತಿರದ ಊರು ಶಾಂಬರ್ಗಿನಲ್ಲಿರೋ ಈ ಮೇಡಮ್ಮು ಧಾರವಾಡದ ಕಡೆಯವರು, ನನಗಿಂತ ಹಿರಿಯರು. ಅವರ ಹತ್ರ ನಯ ನಾಜೂಕು ಏನಿಲ್ಲ, ಇದ್ದದ್ದು ಇದ್ದ ಹಾಗೆ. ಮಂಗಳವಾರ ಆಫೀಸಿಂದ ನೇರ ಅಲ್ಲಿಗೆ ಹೋದೆ. ಹೊರಡೋ ಹೊತ್ತಿಗೆ ವಾರೆನ್ನಿನ ಮುದುಕಪ್ಪನ ಮೆಸೇಜು. ‘ಹೊಸ ಸೂಜಿ ಬಂತಾ? ಎರಡನೇ ಹಾಡು ಹೇಗನ್ನಿಸ್ತು?’ ಏನಂತ ಬರೀಲಿ? ‘ಅದ್ಭುತವಾಗಿದೆ’ ಅಂತ ಕಳಿಸ್ದೆ. ಎರಡನೇ ಹಾಡು ಎಲ್ಲಿದೆ ಅಂತ ಹುಡುಕ್ಕೊಂಡು ನಾನು ಹೈವೇಲಿದ್ದೆ.

“ಬರ್ರಿ ಬರ್ರಿ, ಒಳಗ ಬರ್ರಿ,” ಅಂತ ಕರೆದು ಕೂಡಿಸಿದ್ರು. ಇವರ ಹತ್ರ ನಾಟಕ ಬೇಡ ಅಂತ ನೇರವಾಗೇ ಕೇಳಿದೆ, ಮೇಲಿನ ಮನೆಯವರು ಕೊಟ್ಟ ಚಕ್ರದ ಡಬ್ಬಿ ಇದೆಯಾ ಅಂತ.

“ಬಂದಿತ್ರೀ. ಹೋತು.”

“ಎಲ್ಲಿಗೆ ಹೋಯ್ತು?”

“ನಮ್ಮ ಮನ್ಯಾಗ ಸ್ಟೀಲ್ ಇಡಲಿಕ್ಕೆ ಜಾಗ ಎಲ್ಲಿ ಅದರೀ? ಟ್ರಾಯ್ ಊರಾಕಿ ಒಬ್ಬಾಕಿ ಬಂದಿದ್ಲು, ನನ್ನ ಹಳೇ ಆಫೀಸಿನಾಕಿ. ನಿನ್ನೆ ಆಕೀಗೆ ಉಡಿ ತುಂಬಿ ಕೊಟ್ಟ ಕಳಿಸೀನಿ.”

ಟ್ರಾಯ್ ಅಂದ್ರೆ ಮಿಷಿಗನ್. ವಾರೆನ್ನಿನ ಪಕ್ಕದ ಊರು. ನಾನು ಜೋಪಾನವಾಗಿ ಲೊಂಬಾರ್ಡಿಗೆ ತಂದಿದ್ದು ಹತ್ತು ದಿನದೊಳಗೆ ತಿರುಗಿ ಅಲ್ಲಿಗೇ ಹೋಗಿದೆ!

“ಒಳಗೆ ಏನಿದೆ ಅಂತ ನೋಡಿದ್ರಾ?” ಅಂದೆ.

“ನೋಡದ ಕೊಡ್ತಾರೇನ್ರೀ? ಭಾರ ಇತ್ತು, ಫರಾಳ, ಚಕ್ಕುಲಿ ಉಂಡಿ ಇರಬೇಕು ಅಂತ ತಗದೆ. ಕರೀ ತಾಟು! ನಡಕ ತೂತು. ನಮ್ಮ ಅಪ್ಪಾರ ಕಡೆ ಗ್ರಾಮೋಫೋನ್ ಇತ್ತು, ಅದರ ತಾಟು ಹಿಂಗ ಇರ್ತಿತ್ತು. ನಾ ಅಂದೆ, ತಾಟು ಕೊಟ್ಟು ಗ್ರಾಮೋಫೋನ್ ಕೊಡದ ಇದ್ರ ಹ್ಯಾಂಗ? ಇದು ಎಂಥಾ ಉಡುಗೊರಿ?”

“ಕೈಯಲ್ಲಿ ಮುಟ್ಟಿದ್ರಾ ಅದನ್ನ?”

“ಮುಟ್ಟದ? ಕುಂಕುಮದ ಕೈ ಇತ್ತು, ಸ್ವಲ್ಪ ಹತ್ತಿರಬೇಕು. ಸೆರಗಿಲೆ ಒರಸೀನಿ, ಚಿಂತಿ ಮಾಡಬ್ಯಾಡ್ರಿ.”

ಸೆರಗು! ಕಾಂಚೀವರಂ ಜರಿ ಸೆರಗು! ಮುದುಕಪ್ಪ ಕೈಗವಸು ಇಲ್ಲದೆ ಮುಟ್ಟಿದವರಲ್ಲ. ನನಗೆ ಕಣ್ಣಲ್ಲಿ ನೀರೇ ಬಂತು. ಅದನ್ನ ನೋಡಿ ಅವರಿಗೆ ಪಾಪ ಅನ್ನಿಸ್ತು. “ಯಾಕವ್ವಾ, ಒಂದು ಡಬ್ಬಿಗೆ ಅಳ್ತಾರೇನು? ಬಾ ಇಲ್ಲಿ,” ಅಂತ ಗರಾಜಿಗೆ ಕರ್ಕೊಂಡು ಹೋಗಿ ಒಂದು ಕಪಾಟು ತೆಗೆದ್ರು. ಮೇಲಿಂದ ಕೆಳಗೆ ಸ್ಟೀಲು. ಒಂದು ತಟ್ಟೆ ಉರುಳಿ ಕಾರಿನ ಕೆಳಗೆ ಹೋಯ್ತು. “ಬೇಕಾದ್ದು ತಗೋ. ಖಾಲಿ ಕೈಲೆ ಮಾತ್ರ ಕಳಸಂಗಿಲ್ಲ.”

ಬೇಡ ಅಂದ್ರೂ ಬಿಡದೆ ಅಕ್ಕಿ, ಕೊಬ್ಬರಿ, ಬ್ಲೌಸ್ ಪೀಸಿನ ಜೊತೆ ಒಂದು ಡಬ್ಬಿ ಕೊಟ್ಟು ಉಡಿ ತುಂಬಿ ಕಳಿಸಿದ್ರು. ಮನೇಲಿ ಅತ್ತೆ ಆ ಡಬ್ಬಿ ತಿರುಗಿಸಿ ನೋಡಿ ಬೆಚ್ಚಿಬಿದ್ರು. ತಳದಲ್ಲಿ ಅವರದೇ ಹೆಸರು ಕೆತ್ತಿತ್ತು. ಹೋದ ಸಲ ಬಂದಾಗ ಅವರೇ ಯಾರಿಗೋ ತಾಂಬೂಲದಲ್ಲಿ ಕೊಟ್ಟಿದ್ದಂತೆ.

“ನೋಡಿದ್ಯಾ?” ಅಂದ್ರು ನಮ್ಮತ್ತೆ, ಗೆದ್ದವರ ಹಾಗೆ. “ಕೇಳದೇ ಇದ್ರೂ ಬರತ್ತೆ. ಮೂರು ವರ್ಷ ಹಿಡಿಯತ್ತೆ, ಅಷ್ಟೇ.”

ವಿಶ್ವಕರ್ಮನ ಮೇಲಿನ ಕೃತಿ

ಮೂರು ವರ್ಷ ಕಾಯೋ ಜಾಯಮಾನ ನನ್ನದಲ್ಲ. ಶಾಂಬರ್ಗ್ ಮೇಡಮ್ಮಿನ ಕೈಯಲ್ಲೇ ಫೋನ್ ಮಾಡಿಸಿದೆ. ಟ್ರಾಯ್‌ನ ಆಕೆ ಮನೇಲಿ ಶನಿವಾರ ಮಧ್ಯಾಹ್ನ ಗೊಂಬೆ ನೋಡಕ್ಕೆ ಕರೀತಾರೆ, ಬಂದವರಿಗೆಲ್ಲ ತಾಂಬೂಲ ಕೊಡ್ತಾರೆ ಅಂತ ಗೊತ್ತಾಯ್ತು. ನಮ್ಮನ್ನೂ ಕರೆದ್ರು. ಗಂಡ, ಮಗಳು, ಅತ್ತೆ ಎಲ್ಲರನ್ನೂ ಕಾರಿಗೆ ತುಂಬಿಕೊಂಡು ಬೆಳಿಗ್ಗೆನೇ ಹೊರಟೆ. ರೇಷ್ಮೆ ಸೀರೆ ಉಟ್ಟಿದ್ದೆ, ಮಲ್ಲಿಗೆ ಮುಡಿದಿದ್ದೆ. ಇದಿಷ್ಟೂ ಜರ್ಮನ್ ಇಂಡಸ್ಟ್ರಿಯಲ್ ರಾಕ್‌ಗೋಸ್ಕರ.

ಹಾಲಿಗೆ ಕಾಲಿಟ್ಟ ತಕ್ಷಣ ಕಾಣಿಸ್ತು. ಗೊಂಬೆ ಮೆಟ್ಟಿಲಿನ ಪಕ್ಕದ ಟೇಬಲ್ಲಿನ ಮೇಲೆ ತಾಂಬೂಲದ ಸಾಮಾನಿನ ರಾಶಿ, ಅದರ ತುದೀಲಿ ನನ್ನ ಚಕ್ರದ ಡಬ್ಬಿ. ಕುಂಕುಮದ ಬೊಟ್ಟು ಮೂರು ಆಗಿತ್ತು ಅದರ ಮೇಲೆ, ಒಂದೊಂದು ಮನೇದು ಒಂದೊಂದು. ಪಕ್ಕದಲ್ಲೇ ಜಾಗ ಮಾಡ್ಕೊಂಡು ಕೂತೆ. ಕೈ ಚಾಚಿದ್ರೆ ಸಿಗೋ ದೂರ. ಚಾಚೋ ಹಾಗಿಲ್ಲ. ಎದುರಿಗೆ ನಮ್ಮತ್ತೆ ಕಣ್ಣು ಬಿಟ್ಕೊಂಡು ಕೂತಿದಾರೆ.

ಮನೆಯಾಕೆಯ ತಾಯಿ ಒಬ್ಬ ಅಜ್ಜಿ. ಅವರದು ಒಂದು ಕಟ್ಟಳೆ. ದೇವಿ ಮುಂದೆ ಒಂದು ಹಾಡು ಹೇಳಿದವರಿಗೇ ತಾಂಬೂಲ. ಒಬ್ಬೊಬ್ಬರೇ ಹಾಡಿದ್ರು, ಒಬ್ಬೊಬ್ಬರಿಗೇ ಒಂದೊಂದು ಕೊಟ್ರು. ಪ್ರತಿ ಸಲ ಮನೆಯಾಕೆ ಕೈ ಟೇಬಲ್ ಕಡೆ ಹೋದಾಗ ನನ್ನ ಜೀವ ಬಾಯಿಗೆ ಬರೋದು. ಡಬ್ಬಿ ಉಳ್ಕೊಳ್ತಾ ಬಂತು. ನನ್ನ ಸರದಿ ಬಂತು.

“ನನಗೆ ಹಾಡು ಬರಲ್ಲ ಅಜ್ಜಿ.”

“ಬರದೇ ಇರೋರು ಯಾರಮ್ಮ? ಚಿಕ್ಕಂದಿನಿಂದ ಕೇಳಿದ್ದು ಒಂದಾದ್ರೂ ಇರಲ್ವೇ? ಹಾಡು. ಹಾಡದೆ ತಾಂಬೂಲ ಇಲ್ಲ.”

ತಲೆ ಎಲ್ಲಾ ಕೆರೆದ್ರೂ ಒಂದು ದೇವರನಾಮ ಹೊಳೀಲಿಲ್ಲ. ಮೊದಲಿಂದ ಕೊನೇವರೆಗೆ ನನಗೆ ಬಾಯಿಗೆ ಬರೋದು ಒಂದೇ ಬ್ಯಾಂಡಿನ ಹಾಡುಗಳು. ಅವುಗಳಲ್ಲಿ ಒಂದೇ ಒಂದು ನಿಧಾನದ್ದು. ಮುಚ್ಚಿಹೋದ ಕಾರ್ಖಾನೆ, ಕೊನೇ ಪಾಳಿಯವರು ಮನೆಗೆ ಹೋಗ್ತಿದಾರೆ, ಕುಲುಮೆ ತಣ್ಣಗಾಗ್ತಿದೆ, ಅಷ್ಟೇ ಅದರ ಅರ್ಥ. ಏನಾದ್ರಾಗಲಿ ಅಂತ ಕೈಮುಗಿದು, ಕಣ್ಣು ಮುಚ್ಚಿ, ಜರ್ಮನ್‌ನಲ್ಲೇ ಶುರುಮಾಡಿದೆ. ಗಂಡಸಿನ ದನೀಲಿ ಗುಡುಗೋ ಕಡೆ ನಾನು ಆಲಾಪದ ಥರ ಎಳೆದೆ. ಸುತ್ತಿಗೆ ಬಡಿಯೋ ಕಡೆ ಯಾರೋ ತೊಡೆ ಮೇಲೆ ತಾಳ ಹಾಕಕ್ಕೆ ಶುರುಮಾಡಿದ್ರು. ಇನ್ನೊಬ್ಬರು ಶ್ರುತಿ ಪೆಟ್ಟಿಗೆ ಆನ್ ಮಾಡಿದ್ರು. ನಾಲ್ಕು ಚರಣಾನೂ ಹಾಡಿದೆ. ಕಣ್ಣು ಬಿಟ್ಟೆ. ಬಾಗಿಲ ಹತ್ರ ನಿಂತಿದ್ದ ಅಂಕಲ್ ಒಬ್ರು ಬಾಯಿಗಿಟ್ಟ ಲಾಡು ಹಾಗೇ ಹಿಡ್ಕೊಂಡು ನನ್ನನ್ನೇ ನೋಡ್ತಿದ್ರು. ಕಾರ್ ಕಂಪನಿ ಕೆಲಸಕ್ಕೆ ಅಂತ ಐದು ವರ್ಷ ಜರ್ಮನೀಲಿದ್ದವರಂತೆ. ಅವರೊಬ್ಬರಿಗೆ ಎಲ್ಲಾ ಅರ್ಥ ಆಗಿತ್ತು. ಪುಣ್ಯಾತ್ಮರು ಬಾಯಿ ಬಿಡಲಿಲ್ಲ.

ಅಜ್ಜಿ ಕಣ್ಣೊರೆಸ್ಕೊಂಡ್ರು. “ಎಷ್ಟು ಭಕ್ತಿ! ಯಾವ ದೇವರ ಮೇಲಮ್ಮ ಇದು?”

“ವಿಶ್ವಕರ್ಮನ ಮೇಲೆ ಅಜ್ಜಿ,” ಅಂದೆ. ಸುಳ್ಳೇನಲ್ಲ ಅದು.

ಮನೆಯಾಕೆ ತಾಂಬೂಲದ ತಟ್ಟೆ ಹಿಡ್ಕೊಂಡು ಬಂದ್ರು. ನಾನು ಸೆರಗು ಒಡ್ಡಿದೆ. ಸೆರಗಿಗೆ ಬಿದ್ದಿದ್ದು ಒಂದು ಬೆಳ್ಳಿ ಕುಂಕುಮದ ಭರಣಿ.

ಟೇಬಲ್ ಕಡೆ ನೋಡಿದೆ. ಚಕ್ರದ ಡಬ್ಬಿ ಇಲ್ಲ!

“ಅಲ್ಲಿ... ಅಲ್ಲೊಂದು ಸ್ಟೀಲ್ ಡಬ್ಬಿ ಇತ್ತಲ್ಲ?”

“ಅಯ್ಯೋ, ಅದನ್ನೇ ನಿಮಗೆ ಅಂತ ಎತ್ತಿಟ್ಟಿದ್ದೆ ರೀ,” ಅಂದ್ರು ಆಕೆ, ಗದ್ಗದವಾಗಿ. “ನೀವು ಹಾಡಕ್ಕೆ ಶುರುಮಾಡಿದ್ರಿ ನೋಡಿ, ಮನಸ್ಸು ತಡೀಲಿಲ್ಲ. ಇಂಥ ಹಾಡುಗಾರ್ತಿಗೆ ಯಾರೋ ಕೊಟ್ಟ ಹಳೇ ಡಬ್ಬಿ ಕೊಡಕ್ಕಾಗತ್ತಾ? ವಿಂಡ್ಸರ್‌ನಿಂದ ಒಬ್ಬ ಆಂಟಿ ಬಂದಿದ್ರು, ಸೇತುವೆ ಮೇಲೆ ಟ್ರಾಫಿಕ್ ಆಗತ್ತೆ ಅಂತ ಅವಸರ ಮಾಡ್ತಿದ್ರು. ನಿಮ್ಮ ಎರಡನೇ ಚರಣ ನಡೀತಿರೋವಾಗ ಅದನ್ನ ಅವರ ಚೀಲಕ್ಕೆ ಹಾಕಿ ಕಳಿಸಿಬಿಟ್ಟೆ.”

ಸೀರೆ ಎತ್ತಿಕೊಂಡು ಡ್ರೈವ್‌ವೇಗೆ ಓಡಿದೆ. ಒಂದು ಕಾರು ಸಬ್‌ಡಿವಿಷನ್ನಿನ ತಿರುವಿನಲ್ಲಿ ಮರೆಯಾಗ್ತಿತ್ತು. ಹಿಂದಿನ ನಂಬರ್ ಪ್ಲೇಟು ಕೆನಡಾದ್ದು.

ವಿಂಡ್ಸರ್ ಅಂದ್ರೆ ಡೆಟ್ರಾಯಿಟ್ ನದಿ ಆಚೆ ದಡ, ಅಷ್ಟೇ. ರಾತ್ರಿ ಹೋಟೆಲಲ್ಲಿ ಉಳ್ಕೊಂಡು, ಮಾರನೇ ದಿನ ಬೆಳಿಗ್ಗೆ ಡೆಟ್ರಾಯಿಟ್‌ನಲ್ಲಿ ನದಿ ಪಕ್ಕದ ಕಟ್ಟೆ ಹತ್ರ ಹೋಗಿ ನಿಂತೆ. ಆ ಕಡೆ ದಡದಲ್ಲಿ ನಾಯಿ ಕರ್ಕೊಂಡು ಓಡಾಡೋರು ಕೂಡ ಕಾಣ್ತಾರೆ. ಆದ್ರೆ ನಮ್ಮದು ಇಂಡಿಯನ್ ಪಾಸ್‌ಪೋರ್ಟು, ಗ್ರೀನ್ ಕಾರ್ಡು ಇನ್ನೂ ಬಂದಿಲ್ಲ, ವೀಸಾ ಇಲ್ಲದೆ ಆ ಕಡೆ ಬಿಡಲ್ಲ. ನಮ್ಮನೇಲಿ ವೀಸಾ ಬೇಡದೆ ಕೆನಡಾಕ್ಕೆ ಹೋಗಬಲ್ಲವಳು ಇಲ್ಲೇ ಹುಟ್ಟಿದ ಮಗಳೊಬ್ಬಳೇ. ಅವಳಿಗೆ ಇನ್ನೂ ಕಾರು ಓಡಿಸೋ ವಯಸ್ಸಿಲ್ಲ. ಮನೆಯಾಕೆಯಿಂದ ನಂಬರ್ ತಗೊಂಡು ಅಲ್ಲೇ ನಿಂತು ಆಂಟಿಗೆ ಫೋನ್ ಮಾಡಿದೆ. ಡಬ್ಬಿ ಅಂದ್ರೆ ನನಗೆ ಬಹಳ ಇಷ್ಟ, ಪೋಸ್ಟಲ್ಲಿ ಕಳಿಸ್ತೀರಾ ಅಂದೆ. ಮಾನ ಮರ್ಯಾದೆ ಎಲ್ಲಾ ಬಿಟ್ಟು ಕೇಳಿದೆ.

“ಪೋಸ್ಟಲ್ಲಾ?” ಅಂದ್ರು ಆಂಟಿ. “ತಾಂಬೂಲದ ಸಾಮಾನು ಯಾರಾದ್ರೂ ಪೋಸ್ಟಲ್ಲಿ ಕಳಿಸ್ತಾರೇನಮ್ಮ? ನೀನೇ ಬಾ. ನಿನ್ನೆ ನಿನ್ನ ಹಾಡು ಅರ್ಧಕ್ಕೇ ಬಿಟ್ಟು ಬಂದೆ ಅಂತ ನನಗೂ ಹೊಟ್ಟೆ ಉರೀತಿದೆ. ಇಲ್ಲಿ ಬಂದು ಪೂರ್ತಿ ಹಾಡು, ಅರಿಶಿನ ಕುಂಕುಮ ಇಟ್ಟು ಕೊಡ್ತೀನಿ. ಬೇಗ ಬಾ ಮಾತ್ರ. ಮುಂದೆ ದೀಪಾವಳಿ ಬರ್ತಿದೆ, ಮನೆಗೆ ಜನ ಬರ್ತಾರೆ. ಅಲ್ಲೀವರೆಗೂ ಇರತ್ತೆ ಅಂತ ನಾನು ಗ್ಯಾರಂಟಿ ಕೊಡಲ್ಲಪ್ಪ.”

ಲೊಂಬಾರ್ಡಿಗೆ ಬಂದವರೇ ಕಂಪ್ಯೂಟರ್ ಮುಂದೆ ಕೂತ್ವಿ. ಕೆನಡಾ ವೀಸಾಗೆ ಗಂಡ ಟೈಪ್ ಮಾಡ್ತಿದ್ದ, ನಾನು ಪಕ್ಕದಲ್ಲಿ ಉಗುರು ಕಚ್ಚುತಾ ಕೂತಿದ್ದೆ.

“ಯಾತಕ್ಕೆ ಹೋಗ್ತಿದೀರಿ ಅಂತ ಕೇಳ್ತಿದೆ ಕಣೇ.”

“ತಾಂಬೂಲ ತಗೊಳ್ಳಕ್ಕೆ.”

ಅವನು ನನ್ನ ಮುಖ ನೋಡಿ, ‘ಟೂರಿಸಂ’ ಅಂತ ಹಾಕ್ದ. “ಎಷ್ಟು ದಿನ ಇರ್ತೀರಿ ಅಂತಿದೆ.”

“ದಿನ ಯಾಕೆ? ಒಂದು ಹಾಡು ಹೇಳೋವಷ್ಟು ಹೊತ್ತು ಸಾಕು.”

ಗಂಡ ಕೀಬೋರ್ಡಿಂದ ಕೈ ತೆಗೆದು, ಕನ್ನಡಕ ತೆಗೆದು, ಮದುವೆಯಾದಾಗಿಂದ ಯಾವತ್ತೂ ಕೇಳ್ಕೊಳ್ಳದಷ್ಟು ದೈನ್ಯವಾಗಿ ಕೇಳ್ಕೊಂಡ. “ಹೋಗಿ ಬಾ ಮಹರಾಯ್ತಿ. ನಾನೇ ವೀಸಾ ಮಾಡಿಸ್ತೀನಿ. ಆದ್ರೆ ನಿನ್ನ ದಮ್ಮಯ್ಯ, ಈ ಸಲ ಚೆನ್ನಾಗಿ ಮಾತ್ರ ಹಾಡಬೇಡ.”